ಹಾಡು ಬೇರೆ, ಹಾಡಿದ್ದು ಬೇರೆ, ಟೇಪು ಬೇರೆ

ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಒಂದು ಕ್ಯಾಸೆಟ್ ಇದೆ. ತೊಂಬತ್ತು ನಿಮಿಷದ್ದು. ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯಲ್ಲಿ ‘ಹೆಂಡ್ರಿಕ್ಸ್, ಲಂಡನ್, 1969’ ಎಂದು ಬರೆದಿದೆ. ಎಂಬತ್ತರ ದಶಕದ ಕೊನೆಯಲ್ಲಿ ಅವರು ಬೆಂಗಳೂರಿನಲ್ಲಿ ಓದುವಾಗ ಹಾಸ್ಟೆಲ್ಲಿನ ಗೆಳೆಯನೊಬ್ಬನ ಕ್ಯಾಸೆಟ್ಟಿನಿಂದ ಕಾಪಿ ಮಾಡಿಕೊಂಡದ್ದು. ಆ ಗೆಳೆಯನಿಗೆ ಅದು ಬೇರೆ ಯಾರಿಂದಲೋ ಬಂದದ್ದು, ಅವರಿಗೆ ಮತ್ತೆ ಯಾರಿಂದಲೋ. ಊರಿಗೆ ಮರಳಿ ತೋಟ ನೋಡಿಕೊಳ್ಳತೊಡಗಿದ ಮೇಲೆ ಚಿಕ್ಕಪ್ಪ ಗಿಟಾರ್ ಕಲಿತದ್ದೇ ಈ ಕ್ಯಾಸೆಟ್ ಹಾಕಿಕೊಂಡು. ಕೇಳುವುದು, ನಿಲ್ಲಿಸುವುದು, ಪೆನ್ಸಿಲ್ ತೂರಿಸಿ ಹಿಂದಕ್ಕೆ ಸುತ್ತುವುದು, ಮತ್ತೆ ಕೇಳುವುದು. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲವಲ್ಲ, ಆಗ ಬ್ಯಾಟರಿ ಹಾಕಿ ಕೇಳುತ್ತಿದ್ದರಂತೆ.

ಅರವತ್ತರ ದಶಕದ ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನನ್ನು ಹಚ್ಚಿಕೊಂಡವರು ನಮ್ಮ ಜಿಲ್ಲೆಯಲ್ಲಿ ನನಗೆ ಗೊತ್ತಿರುವಂತೆ ಹತ್ತು ಹನ್ನೆರಡು ಜನ ಇದ್ದೇವೆ. ಮಡಿಕೇರಿಯವರು, ವಿರಾಜಪೇಟೆಯವರು, ಗೋಣಿಕೊಪ್ಪದ ಇಬ್ಬರು ಹುಡುಗರು. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಅವನ ಹಾಡುಗಳನ್ನು ನಾವೇ ನುಡಿಸಿದ ಕವರ್‌ಗಳನ್ನು ಒಬ್ಬರಿಗೊಬ್ಬರು ಕೇಳಿಸುತ್ತೇವೆ, ಹಳೆಯ ಟೇಪುಗಳು ಸಿಕ್ಕರೆ ಹಂಚಿಕೊಳ್ಳುತ್ತೇವೆ. ಹೋದ ಮಳೆಗಾಲದಲ್ಲಿ ಚಿಕ್ಕಪ್ಪನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಾಗ ಗೋಣಿಕೊಪ್ಪದ ಹುಡುಗ ಕೇಳಿದ: “ಅಣ್ಣಾ, ನಾವು ನುಡಿಸಿದ್ದನ್ನ ನೆಟ್ಟಿಗೆ ಹಾಕ್ತೀವಲ್ಲ, ಹಾಗೇ ಇದನ್ನೂ ಹಾಕಬಹುದಾ?”

ಎರಡೂ ಒಂದೇ ಥರ ಎಂದು ಅವನು ತಿಳಿದಿದ್ದ. ತುಂಬಾ ಜನ ಹಾಗೇ ತಿಳಿದಿದ್ದಾರೆ. ಅವನಿಗೆ ಆ ಸಂಜೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ನಾಲ್ವರು ದುಡಿ ಹಿಡಿದು ಬಾಳೋಪಾಟ್ ಹಾಡುವುದನ್ನು ಕೊಡಗಿನವರೆಲ್ಲ ಕೇಳಿದ್ದೇವೆ. ಹಾಡು ತಲೆತಲಾಂತರದಿಂದ ಬಂದದ್ದು. ಅದನ್ನು ಈ ವರ್ಷ ಈ ಊರಿನ ನಾಲ್ವರು ಹಾಡಿದ ರೀತಿ ಅವರದ್ದೇ. ಅಂಗಳದ ಮೂಲೆಯಲ್ಲಿ ನಿಂತು ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರಲ್ಲ, ಅದು ಮೂರನೆಯದು. ನಡಿಕೇರಿಯಂಡ ಚಿಣ್ಣಪ್ಪನವರು ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದ್ದರಿಂದ ಹಾಡುಗಳು ಉಳಿದವು. ಆದರೆ ಅವರ ಮುಂದೆ ಹಾಡಿದವರ ಕಂಠ, ದುಡಿಯ ಪೆಟ್ಟು, ಎಲ್ಲಿ ಉಸಿರು ತೆಗೆದುಕೊಂಡರು ಎನ್ನುವುದು ಕಾಗದದ ಮೇಲೆ ನಿಲ್ಲಲಿಲ್ಲ. ಹಾಡು ಬೇರೆ, ಹಾಡಿದ್ದು ಬೇರೆ, ಹಿಡಿದಿಟ್ಟದ್ದು ಬೇರೆ. ಕಾನೂನು ಕೂಡ ಈ ಮೂರನ್ನು ಬೇರೆಬೇರೆಯಾಗಿಯೇ ನೋಡುತ್ತದೆ: ಹಾಡು ಬರೆದವರ ಹಕ್ಕು, ಪ್ರದರ್ಶನ ಕೊಟ್ಟ ಕಲಾವಿದರ ಹಕ್ಕು, ಧ್ವನಿಮುದ್ರಣ ಮಾಡಿಸಿದವರ ಹಕ್ಕು. ಮೂವರು ಒಡೆಯರು, ಮೂರು ಅವಧಿ.

ಚಿಕ್ಕಪ್ಪನ ಕ್ಯಾಸೆಟ್ಟಿನ ಮೊದಲ ಕೆಲವು ನಿಮಿಷ ಕೇಳಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಶುರುವಿಗೆ ಬ್ರಿಟಿಷರ ರಾಷ್ಟ್ರಗೀತೆಯನ್ನು ಹೆಂಡ್ರಿಕ್ಸ್ ಗಿಟಾರಿನಲ್ಲಿ ಕಿರುಚಿಸುತ್ತಾನೆ. ಅದಾದ ಮೇಲೆ ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್‌ನವರ ‘ಸಾರ್ಜೆಂಟ್ ಪೆಪ್ಪರ್’ ಹಾಡಿನ ಒಂದು ತುಣುಕು. ಅಲ್ಲಿಂದ ತನ್ನದೇ ‘ಸ್ಪ್ಯಾನಿಷ್ ಕ್ಯಾಸಲ್ ಮ್ಯಾಜಿಕ್’. ರಾಷ್ಟ್ರಗೀತೆ ಎರಡು ಶತಮಾನಕ್ಕೂ ಹಳೆಯದು, ಯಾರ ಸ್ವತ್ತೂ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಹಾಡಿನ ಹಕ್ಕು ಅದನ್ನು ಕಟ್ಟಿದವರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಇಬ್ಬರು ಸೇರಿ ಕಟ್ಟಿದ್ದರೆ ಕೊನೆಗೆ ಉಳಿದವರ ಸಾವಿನಿಂದ ಎಣಿಕೆ. ‘ಸಾರ್ಜೆಂಟ್ ಪೆಪ್ಪರ್’ ಆ ತಂಡದ ಲೆನನ್ ಮತ್ತು ಮೆಕಾರ್ಟ್ನಿ ಇಬ್ಬರ ಹೆಸರಿನಲ್ಲಿದೆ, ಮೆಕಾರ್ಟ್ನಿ ಬದುಕಿದ್ದಾರೆ, ಹಾಗಾಗಿ ಆ ಎಣಿಕೆ ಇನ್ನೂ ಶುರುವಾಗಿಯೇ ಇಲ್ಲ. ಹೆಂಡ್ರಿಕ್ಸ್ ಹೋದದ್ದು 1970ರಲ್ಲಿ, ಅವನ ಸ್ವಂತ ಹಾಡಿಗೆ 2030ರ ಕೊನೆಯವರೆಗೆ ಹಕ್ಕಿದೆ. ಒಂದೇ ಕೈ, ಒಂದೇ ಗಿಟಾರ್, ಒಂದೇ ರಾತ್ರಿ. ಆದರೂ ಮೂರು ಹಾಡಿಗೆ ಮೂರು ಸ್ಥಿತಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ, ಕಲಾವಿದನ ಪ್ರದರ್ಶನದ ಹಕ್ಕು 50 ವರ್ಷ. ಇವೆರಡರ ಲೆಕ್ಕ ಹಾಡಿನ ಲೆಕ್ಕದ ಜೊತೆ ಬೆರೆಯುವುದಿಲ್ಲ.

ಕವರ್ ಎಂದರೆ ಹಾಡನ್ನು ಮಾತ್ರ ಎತ್ತಿಕೊಂಡು, ಹಾಡುವುದನ್ನೂ ಹಿಡಿದಿಡುವುದನ್ನೂ ನಾವೇ ಮಾಡುವುದು. ಹೆಂಡ್ರಿಕ್ಸ್‌ನನ್ನು ಜಗತ್ತಿಗೆ ಪರಿಚಯಿಸಿದ್ದೇ ಒಂದು ಕವರ್. 1966ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮೊದಲ ಸಿಂಗಲ್ ‘ಹೇ ಜೋ’ ಅವನದ್ದಲ್ಲ; 1962ರಲ್ಲಿ ಬಿಲ್ಲಿ ರಾಬರ್ಟ್ಸ್ ತನ್ನ ಹೆಸರಿನಲ್ಲಿ ನೋಂದಾಯಿಸಿದ್ದ ಹಾಡು. ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿ ಈಗ ವರ್ಷವರ್ಷವೂ ಮೇ 1ರಂದು ಸಾವಿರಾರು ಜನ ಗಿಟಾರ್ ಹಿಡಿದು ಚೌಕದಲ್ಲಿ ಸೇರಿ ಅದೇ ಹಾಡನ್ನು ಒಟ್ಟಿಗೆ ನುಡಿಸುತ್ತಾರೆ.

‘ಸಾರ್ಜೆಂಟ್ ಪೆಪ್ಪರ್’ ಕಥೆ ನನಗೆ ಇನ್ನೂ ಇಷ್ಟ. ಬೀಟಲ್ಸ್‌ನ ಅದೇ ಹೆಸರಿನ ಆಲ್ಬಂನ ಅಧಿಕೃತ ಬಿಡುಗಡೆ 1967ರ ಜೂನ್ 1. ಜೂನ್ 4ರ ಭಾನುವಾರ ಲಂಡನ್ನಿನ ಸ್ಯಾವಿಲ್ ಥಿಯೇಟರಿನಲ್ಲಿ ಹೆಂಡ್ರಿಕ್ಸ್ ಕಾರ್ಯಕ್ರಮ ಶುರು ಮಾಡಿದ್ದೇ ಅದರ ಮೊದಲ ಹಾಡಿನಿಂದ. ಕೆಳಗೆ ಮೆಕಾರ್ಟ್ನಿ, ಹ್ಯಾರಿಸನ್ ಕುಳಿತಿದ್ದರು. ಹಾಡು ಕಟ್ಟಿದವರ ಎದುರಿಗೇ ಅವರ ಹಾಡನ್ನು, ಅದು ಹೊರಬಂದ ಮೂರೇ ದಿನಕ್ಕೆ, ತನ್ನದೇ ದನಿಯಲ್ಲಿ ನುಡಿಸಲು ಎಷ್ಟು ಪ್ರೀತಿ ಬೇಕು, ಎಷ್ಟು ಧೈರ್ಯ ಬೇಕು!

ಅಮೆರಿಕದ ಹಾಡುಗಾರ ಬಾಬ್ ಡಿಲನ್ ‘ಆಲ್ ಅಲಾಂಗ್ ದ ವಾಚ್‌ಟವರ್’ ಹಾಡನ್ನು 1967ರ ನವೆಂಬರಿನಲ್ಲಿ ಧ್ವನಿಮುದ್ರಿಸಿದ್ದು ಒಂದು ಅಕೌಸ್ಟಿಕ್ ಗಿಟಾರ್, ಮೌತ್ ಆರ್ಗನ್, ಬೇಸ್, ಡ್ರಮ್ಸ್ ಇಟ್ಟುಕೊಂಡು, ತೀರಾ ಸರಳವಾಗಿ. ಮುಂದಿನ ಜನವರಿಯಲ್ಲೇ ಹೆಂಡ್ರಿಕ್ಸ್ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಅದರ ಕೆಲಸ ಶುರುಮಾಡಿದ. ಅವನದು ಹೊರಬಂದ ಮೇಲೆ ಡಿಲನ್ನೇ ವೇದಿಕೆಯಲ್ಲಿ ತಮ್ಮ ಹಾಡನ್ನು ಹೆಂಡ್ರಿಕ್ಸ್ ದಾರಿಯಲ್ಲಿ ನುಡಿಸತೊಡಗಿದರು. ಇನ್ನೊಂದು ಕಡೆ, ಹೆಂಡ್ರಿಕ್ಸ್‌ನ ‘ಲಿಟಲ್ ವಿಂಗ್’ ಎರಡೂವರೆ ನಿಮಿಷವೂ ಇಲ್ಲ. ಅದನ್ನೇ ಅಮೆರಿಕದ ಗಿಟಾರ್ ವಾದಕ ಸ್ಟೀವಿ ರೇ ವಾನ್ ಮಾತಿಲ್ಲದೆ, ಬರೀ ಗಿಟಾರಿನಲ್ಲಿ, ಏಳು ನಿಮಿಷದ ಹತ್ತಿರಕ್ಕೆ ಹಿಗ್ಗಿಸಿದರು. ಅವರು ತೀರಿಕೊಂಡ ಮೇಲೆ, 1991ರಲ್ಲಿ ಅದು ಹೊರಬಂತು. ನಮ್ಮ ಕೂಟದಲ್ಲಿ ಯಾರಾದರೂ ‘ಲಿಟಲ್ ವಿಂಗ್’ ನುಡಿಸಿದರೆ ಮೊದಲ ನಾಲ್ಕು ಪೆಟ್ಟಿಗೇ ಗೊತ್ತಾಗುತ್ತದೆ, ಈತ ಯಾವ ಮನೆಯ ನೀರು ಕುಡಿದು ಬಂದಿದ್ದಾನೆ ಎಂದು.

ಕವರ್ ಹೊರತರಲು ಹಾಡಿನ ಒಡೆಯರು ಒಪ್ಪಲೇಬೇಕೇ? ಈ ಪ್ರಶ್ನೆ ಪಿಯಾನೊ ರೋಲ್‌ಗಳ ಕಾಲದಲ್ಲೇ ಎದ್ದಿತ್ತು. ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ತಾನೇ ನುಡಿಯುವ ಪಿಯಾನೊಗಳು ಬಂದಾಗ ಅಮೆರಿಕ 1909ರಲ್ಲಿ ಒಂದು ದಾರಿ ಮಾಡಿತು: ಹಾಡು ಒಮ್ಮೆ ಹೊರಬಂದ ಮೇಲೆ, ನಿಗದಿಯಾದ ಹಣ ಕಟ್ಟಿದ ಯಾರು ಬೇಕಾದರೂ ತಮ್ಮ ಸುರುಳಿ ಮಾಡಿಕೊಳ್ಳಬಹುದು. ನಮ್ಮಲ್ಲಿ 2012ರ ತಿದ್ದುಪಡಿಯಿಂದ ಬಂದ 31ಸಿ ಸೆಕ್ಷನ್ ಇದೇ ಜಾತಿಯದ್ದು. ಹಾಡಿನ ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು. ಮುಂಚೆಯೇ ನೋಟಿಸ್ ಕೊಟ್ಟು, ರಾಯಧನವನ್ನೂ ಮುಂಗಡವಾಗಿ ಕಟ್ಟಬೇಕು. ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ. ಹೊದಿಕೆಯ ಮೇಲೆ ಇದು ಕವರ್ ಎಂದು ಹೇಳಿರಬೇಕು. ತಾಂತ್ರಿಕವಾಗಿ ಅನಿವಾರ್ಯವಲ್ಲದ ಹೊಸ ಬದಲಾವಣೆಯನ್ನು ಒಡೆಯರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ.

ಆ ಕೊನೆಯ ಮಾತನ್ನು ಗಮನಿಸಿ. ಇದ್ದಹಾಗೇ ಹಾಡುವವರಿಗೆ ಈ ದಾರಿ ಇದೆ. ಹೆಂಡ್ರಿಕ್ಸ್ ಮಾಡಿದಂತೆ ಹಾಡಿನ ಮೈಯನ್ನೇ ಬೇರೆ ಮಾಡಿ ಕಟ್ಟುವವರು ಒಡೆಯರನ್ನೇ ಕೇಳಬೇಕು. ಕವರ್‌ಗಳಲ್ಲಿ ಮುಖ್ಯವಾದವು ಆ ಎರಡನೆಯ ಬಗೆಯವೇ ಎನ್ನುವುದು ನನ್ನ ಅನಿಸಿಕೆ, ಹಾಗಾಗಿ ಈ ನಿಯಮ ನನಗೆ ಬಿಗಿ ಅನಿಸುತ್ತದೆ. ಮತ್ತೆ ಇದು ಬರೀ ಧ್ವನಿಮುದ್ರಣಕ್ಕೆ. ವಿಡಿಯೊಗೆ ಬೇರೆ ಅನುಮತಿ ಬೇಕು. ಗೋಣಿಕೊಪ್ಪದ ಹುಡುಗ ತನ್ನ ಕವರ್ ವಿಡಿಯೊ ಹಾಕಿದಾಗ ಹಾಡಿನ ಒಡೆಯರಿಂದ ಹಕ್ಕಿನ ತಕರಾರು ಬಂದು ಅವನು ಹೆದರಿಹೋಗಿದ್ದ. ಹೆದರುವಂಥದ್ದೇನೂ ಇರಲಿಲ್ಲ. ದೊಡ್ಡ ವಿಡಿಯೊ ತಾಣಗಳು ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಂಡಿರುತ್ತವೆ. ವಿಡಿಯೊ ಹಾಗೇ ಇರುತ್ತದೆ, ಜಾಹೀರಾತಿನ ಹಣ ಹಾಡಿನ ಒಡೆಯರಿಗೆ ಹೋಗುತ್ತದೆ. ಹಾಡು ಅವರದ್ದು, ಹೋಗಲಿ ಬಿಡು ಎಂದೆ. ಜನರ ಮುಂದೆ ನುಡಿಸುವುದು ಇನ್ನೊಂದು ವಿಷಯ. ಮದುವೆಯ ದಿಬ್ಬಣ, ಮದುವೆಗೆ ಸೇರಿದ ಸಂಭ್ರಮ ಇವಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ರೆಸಾರ್ಟಿನಲ್ಲಿ ದುಡ್ಡು ಕೊಟ್ಟು ಬಂದ ಅತಿಥಿಗಳ ಮುಂದೆ ಕ್ಯಾಂಪ್‌ಫೈರ್ ಪಕ್ಕ ನುಡಿಸಿದರೆ ಪರವಾನಗಿ ಬೇಕು. ಅದನ್ನು ಮಾಡಿಸುವುದು ರೆಸಾರ್ಟಿನವರ ಹೊಣೆ ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಇನ್ನು ಅಪರೂಪದ ಟೇಪುಗಳು. ಇಲ್ಲಿ ನಾವು ಹಾಡನ್ನು ಮಾತ್ರ ಎತ್ತಿಕೊಳ್ಳುತ್ತಿಲ್ಲ, ಅವನು ನುಡಿಸಿದ್ದನ್ನೂ ಯಾರೋ ಹಿಡಿದದ್ದನ್ನೂ ಸೇರಿಸಿ ಎತ್ತಿಕೊಳ್ಳುತ್ತೇವೆ. ಹುಡುಗನ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಹೆಂಡ್ರಿಕ್ಸ್ ವಿಷಯದಲ್ಲಿ ಇಂಥ ಟೇಪುಗಳು ರಾಶಿರಾಶಿ ಇರುವುದಕ್ಕೆ ಕಾರಣವಿದೆ. ಅವನು ಹೆಸರು ಮಾಡಿ ಬದುಕಿದ್ದು ನಾಲ್ಕು ವರ್ಷವೂ ತುಂಬಿಲ್ಲ. ಆಗ ಹೊರಬಂದ ಸ್ಟುಡಿಯೊ ಆಲ್ಬಂಗಳು ಮೂರೇ. ಆದರೆ ಸ್ಟುಡಿಯೊದಲ್ಲಿ, ಮನೆಯಲ್ಲಿ, ಸಿಕ್ಕಸಿಕ್ಕ ಕಡೆ ಟೇಪ್ ಓಡಿಸಿಟ್ಟು ನುಡಿಸುತ್ತಿದ್ದ. 1970ರಲ್ಲಿ ತಾನೇ ಮನೆಯಲ್ಲಿ ರೆಕಾರ್ಡ್ ಮಾಡಿದ ಒಂದಿಷ್ಟು ಕ್ಯಾಸೆಟ್ಟುಗಳನ್ನು ಡ್ರಮ್ಸ್ ನುಡಿಸುತ್ತಿದ್ದ ಮಿಚ್ ಮಿಚೆಲ್ ಕೈಗೆ ಕೊಟ್ಟಿದ್ದ. ಅವು ಮಿಚೆಲ್ ಬಳಿಯೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ಇದ್ದವು. 1995ರಲ್ಲಿ ಅವನ ತಂದೆ ಅಲ್ ಹೆಂಡ್ರಿಕ್ಸ್ ಹಕ್ಕುಗಳನ್ನು ಮರಳಿ ಪಡೆದ ಮೇಲೆ, 1998ರಲ್ಲಿ ಕುಟುಂಬದ ಸಂಸ್ಥೆ ಡ್ಯಾಗರ್ ರೆಕಾರ್ಡ್ಸ್ ಎಂಬ ಪ್ರತ್ಯೇಕ ಲೇಬಲ್ಲನ್ನೇ ಶುರುಮಾಡಿತು. ದನಿ ಅಷ್ಟು ಶುದ್ಧವಿಲ್ಲದಿದ್ದರೂ ಅಭಿಮಾನಿಗಳು ಹುಡುಕುವಂಥ ಟೇಪುಗಳನ್ನು ಒಡೆಯರೇ ಹೊರತರಲು. ಕಳ್ಳ ರೆಕಾರ್ಡುಗಳಿಗೆ ಇಷ್ಟು ಒಳ್ಳೆಯ ಉತ್ತರವನ್ನು ಬೇರೆಯವರು ಕೊಟ್ಟದ್ದು ನಾನು ಕಂಡಿಲ್ಲ.

ಯುರೋಪಿನ ಕಾನೂನಿನಿಂದಲೂ ಒಂದು ವಿಚಿತ್ರ ನಡೆಯಿತು. ಅಲ್ಲಿ ಧ್ವನಿಮುದ್ರಣದ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿದರು, ಆದರೆ 50 ವರ್ಷದೊಳಗೆ ಪ್ರಕಟಿಸಿದ್ದರೆ ಮಾತ್ರ. ಆಗ ಕಪಾಟಿನಲ್ಲಿದ್ದ ಟೇಪುಗಳನ್ನು ಅವಸರದಲ್ಲಿ ಹೊರತೆಗೆಯಬೇಕಾಯಿತು. 2012ರ ಕೊನೆಯಲ್ಲಿ ಡಿಲನ್ ಅವರ 1962ರ ಟೇಪುಗಳನ್ನು ಸುಮಾರು ನೂರೇ ಪ್ರತಿ ಮಾಡಿ ಅಂಗಡಿಗೆ ಬಿಟ್ಟರು. ಮಾರಾಟಕ್ಕಲ್ಲ, ಹಕ್ಕು ಉಳಿಸಿಕೊಳ್ಳುವುದಕ್ಕೆ. ಹೀಗೆ ಅಪರೂಪ ಎನ್ನುವುದು ಎಷ್ಟೋ ಸಲ ಕಾನೂನಿನ ಕ್ಯಾಲೆಂಡರಿನಿಂದ ಹುಟ್ಟಿದ್ದಾಗಿರುತ್ತದೆ.

ಟೇಪು ಹಂಚಿಕೊಳ್ಳುವವರಲ್ಲೂ ಬರೆಯದ ನಿಯಮಗಳಿವೆ, ಮತ್ತು ಒಳ್ಳೆಯ ಸಂಗ್ರಹಕಾರರು ಅವನ್ನು ವ್ರತದಂತೆ ಪಾಲಿಸುತ್ತಾರೆ. ಮಾರಬಾರದು; ಖಾಲಿ ಕ್ಯಾಸೆಟ್ ಮತ್ತು ಅಂಚೆ ಖರ್ಚು ಕೊಟ್ಟರೆ ಕಾಪಿ ಮಾಡಿ ಕಳಿಸಬೇಕು, ಅಷ್ಟೇ. ಒಡೆಯರು ಅಧಿಕೃತವಾಗಿ ಹೊರತಂದ ಕೂಡಲೇ ಹಂಚುವುದನ್ನು ನಿಲ್ಲಿಸಬೇಕು. ಗ್ರೇಟ್‌ಫುಲ್ ಡೆಡ್ ತಂಡದವರಂತೂ 1984ರಿಂದ ತಮ್ಮ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಮಾಡಿಕೊಳ್ಳುವವರಿಗೆಂದೇ ಜಾಗ ಮೀಸಲಿಟ್ಟಿದ್ದರು. ಎಲ್ಲ ಕಲಾವಿದರೂ ಹಾಗೆ ಒಪ್ಪಿದವರಲ್ಲ. ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಹಂಚುವುದು ಕಾನೂನಿನಲ್ಲಿ ತಪ್ಪು, ‘ಮಾರಲಿಲ್ಲವಲ್ಲ’ ಎಂದರೆ ಅದು ಸರಿಹೋಗುವುದಿಲ್ಲ. ಇರುವ ಕ್ಯಾಸೆಟ್ ಹಾಳಾಗದಂತೆ ಸ್ವಂತಕ್ಕೆ ಕಂಪ್ಯೂಟರಿಗೆ ಇಳಿಸಿಕೊಂಡು ಕೇಳುವುದು ಬೇರೆ. ಖಾಸಗಿ ಬಳಕೆಗೆ ನಮ್ಮ ಕಾಯ್ದೆಯಲ್ಲಿ ಅವಕಾಶವಿದೆ.

ಟೇಪಿನ ಮೂಲ ಯಾವುದು ಎನ್ನುವುದು ಮುಂದಿನ ಪ್ರಶ್ನೆ. ಜನರ ನಡುವೆ ಕುಳಿತವರು ಹಿಡಿದದ್ದಾದರೆ ಕೆಮ್ಮು, ಮಾತು, ಚಪ್ಪಾಳೆ ಹತ್ತಿರ, ಗಿಟಾರ್ ದೂರ. ಕಾರ್ಯಕ್ರಮದ ದನಿ ಹೊಂದಿಸುವ ಮಿಕ್ಸರಿನಿಂದ ನೇರ ತೆಗೆದದ್ದಾದರೆ ಶುದ್ಧವಾಗಿರಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ಅರವತ್ತರ ದಶಕದ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಆಗ ಸಭಾಂಗಣದ ಸ್ಪೀಕರುಗಳಿಗೆ ಹೋಗುತ್ತಿದ್ದದ್ದು ಮುಖ್ಯವಾಗಿ ಹಾಡುವವನ ದನಿ. ಗಿಟಾರಿನ ಅಬ್ಬರಕ್ಕೆ ವೇದಿಕೆಯ ಮೇಲಿನ ಮಾರ್ಷಲ್ ಆಂಪ್ಲಿಫೈಯರುಗಳೇ ಸಾಕಾಗುತ್ತಿದ್ದವು. ಆದ್ದರಿಂದ ಮಿಕ್ಸರಿನ ಟೇಪಿನಲ್ಲಿ ಮಾತು ಸ್ಪಷ್ಟ, ಗಿಟಾರ್ ಮಂಕು ಇರಬಹುದು.

ಆಮೇಲೆ ತಲೆಮಾರು. ಮೂಲದಿಂದ ಮಾಡಿದ ಕಾಪಿ ಒಂದನೇ ತಲೆಮಾರು, ಅದರ ಕಾಪಿ ಎರಡನೇದು. ಪ್ರತಿ ಕಾಪಿಗೂ ಸುಯ್ ಎನ್ನುವ ಸದ್ದು ಏರುತ್ತದೆ, ಡ್ರಮ್ಸ್ ಜೊತೆಗಿನ ತಾಳದ (ಸಿಂಬಲ್) ಮಿಂಚು ಇಳಿಯುತ್ತದೆ. ವೇಗವೂ ತಪ್ಪುತ್ತದೆ. ಚಿಕ್ಕಪ್ಪನ ಕ್ಯಾಸೆಟ್ಟಿನ ದೊಡ್ಡ ಗುಟ್ಟು ಇದ್ದದ್ದು ಈ ವೇಗದಲ್ಲಿ.

ಅವರು ಕ್ಯಾಸೆಟ್ಟಿನ ಜೊತೆ ನುಡಿಸುವಾಗ ಗಿಟಾರನ್ನು ಎಲ್ಲರಂತೆ ಇ ಶ್ರುತಿಗೆ ಕೂಡಿಸುತ್ತಿದ್ದರು, ಸರಿಯಾಗಿ ಹೊಂದುತ್ತಿತ್ತು. ಎಷ್ಟೋ ವರ್ಷದ ಮೇಲೆ ಹೆಂಡ್ರಿಕ್ಸ್‌ನ ಲೈವ್ ಸಿಡಿ ತಂದು ಹಾಕಿದರೆ ಒಂದು ಹಾಡೂ ಹೊಂದಲಿಲ್ಲ. ಸಿಡಿ ಪ್ಲೇಯರ್ ಕೆಟ್ಟಿದೆ ಎಂದು ರಿಪೇರಿಗೆ ಕೊಟ್ಟಿದ್ದರು! ವಾಸ್ತವದಲ್ಲಿ ಹೆಂಡ್ರಿಕ್ಸ್ ವೇದಿಕೆಯಲ್ಲಿ ಹೆಚ್ಚಾಗಿ ಆರೂ ತಂತಿಗಳನ್ನು ಅರ್ಧ ಸ್ವರ ಕೆಳಗಿಳಿಸಿ ನುಡಿಸುತ್ತಿದ್ದ. ಕ್ಯಾಸೆಟ್ ಅಷ್ಟೇ ಮೇಲಕ್ಕೇರಿತ್ತು. ಅರ್ಧ ಸ್ವರ ಎಂದರೆ ವೇಗದಲ್ಲಿ ನೂರಕ್ಕೆ ಸುಮಾರು 6ರ ವ್ಯತ್ಯಾಸ. ಕಾಪಿ ಮಾಡುವಾಗ ರೆಕಾರ್ಡರಿನ ಬ್ಯಾಟರಿ ಇಳಿದಿದ್ದರೆ ಟೇಪು ನಿಧಾನ ಓಡುತ್ತದೆ. ಹಾಗೆ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಹಾಕಿದಾಗ ದನಿ ಏರುತ್ತದೆ, ಹಾಡು ಓಡುತ್ತದೆ.

ಇದನ್ನು ಪತ್ತೆ ಮಾಡಿದ್ದು ಮಡಿಕೇರಿಯ ಗೆಳೆಯರು. ಕರೆಂಟಿಗೆ ಹಾಕಿದ ಯಂತ್ರದಲ್ಲಿ ಸಣ್ಣಗೆ ಒಂದು ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಭಾರತ, ಇಂಗ್ಲೆಂಡುಗಳಲ್ಲಿ ಅದು ಸೆಕೆಂಡಿಗೆ 50 ಆವರ್ತ, ಅಮೆರಿಕದಲ್ಲಿ 60. ದನಿಯನ್ನು ಕಂಪ್ಯೂಟರಿನ ಪರದೆಯ ಮೇಲೆ ಬಿಡಿಸಿ ನೋಡಿದರೆ ತಳದಲ್ಲಿ ಅದು ಒಂದು ನೇರ ಗೆರೆಯಾಗಿ ಕಾಣುತ್ತದೆ. ನಮ್ಮ ಟೇಪಿನಲ್ಲಿ ಎರಡು ಗೆರೆ ಕಂಡವು. ಒಂದು ಸರಿಯಾಗಿ 50ರಲ್ಲಿ. ಅದು ನಾವು ಕಂಪ್ಯೂಟರಿಗೆ ಇಳಿಸುವಾಗ ನಮ್ಮ ಮನೆಯ ಕರೆಂಟಿನಿಂದ ಸೇರಿದ್ದು. ಇನ್ನೊಂದು 53ರಲ್ಲಿ. ಅದು ಹಿಂದಿನ ಯಾವುದೋ ಕೈಯಲ್ಲಿ 50ರಲ್ಲಿ ಸೇರಿ, ಬ್ಯಾಟರಿ ರೆಕಾರ್ಡರಿನ ಕಾಪಿಯಲ್ಲಿ ಮೇಲೇರಿದ ಗೆರೆ. 53ನ್ನು 50ಕ್ಕೆ ಇಳಿಸಿದೆವು. ಕೂಡಲೇ ಹೆಂಡ್ರಿಕ್ಸ್‌ನ ಮಾತಿನ ದನಿ ಅವನದೇ ಆಯಿತು. ಅಲ್ಲಿಯವರೆಗೆ ಅವನು ಯಾವುದೋ ಹುಡುಗನ ಹಾಗೆ ಮಾತಾಡುತ್ತಿದ್ದ.

ಇಷ್ಟಕ್ಕೂ ಮೊದಲು ಬೂಷ್ಟು ತೆಗೆಯುವ ಕೆಲಸ ಇತ್ತು. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬೂಷ್ಟು ಬಿಡುವುದಿಲ್ಲ, ಕ್ಯಾಸೆಟ್ಟನ್ನು ಬಿಡುತ್ತದೆಯೇ? ಕಿಟಕಿಯಲ್ಲಿ ಇಣುಕಿದರೆ ಸುರುಳಿಯ ಅಂಚಿನಲ್ಲಿ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಅಂಥ ಕ್ಯಾಸೆಟ್ಟನ್ನು ಹಾಗೇ ಪ್ಲೇಯರಿಗೆ ಹಾಕಬಾರದು. ಬೂಷ್ಟು ಹೆಡ್ಡಿಗೆ ಹತ್ತಿ, ಆಮೇಲೆ ಹಾಕುವ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಶೀತವಿಲ್ಲದ ಜಾಗದಲ್ಲಿ ಕೆಲವು ದಿನ ಒಣಗಲು ಬಿಟ್ಟು, ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಹೊಸ ಡಬ್ಬಿಗೆ ಕೂರಿಸಿ, ಮೆತ್ತನೆಯ ಒಣ ಬಟ್ಟೆಯ ನಡುವೆ ಟೇಪನ್ನು ಹಾಯಿಸುತ್ತ ನಿಧಾನವಾಗಿ ಕೈಯಲ್ಲೇ ಸುತ್ತಬೇಕು. ಟೇಪಿನ ಅಗಲ ನಾಲ್ಕು ಮಿಲಿಮೀಟರೂ ಇಲ್ಲ. ಎರಡು ಸಂಜೆ ಹಿಡಿಯಿತು. ಚಿಕ್ಕಮ್ಮ ದೀಪ ಹಿಡಿದು ಕುಳಿತಿದ್ದರು.

ಇಳಿಸಿದ್ದನ್ನು ಯಾವ ರೂಪದಲ್ಲಿ ಇಡಬೇಕು ಎಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಫ್ಲಾಕ್ ರೂಪದಲ್ಲಿ ಇಡಿ. ಅದು ಬಟ್ಟೆಯನ್ನು ಮಡಚಿಟ್ಟಂತೆ: ಜಾಗ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ, ಬಿಚ್ಚಿದರೆ ಒಂದು ನೂಲೂ ಕಡಿಮೆಯಾಗಿರುವುದಿಲ್ಲ. ಎಂಪಿ3 ಬಟ್ಟೆಯನ್ನು ಕತ್ತರಿಸಿ ಚಿಕ್ಕದು ಮಾಡುತ್ತದೆ. ಕೇಳಲು ಸಾಕು, ಕಾಪಾಡಿಡಲು ಸಾಲದು. ಎಂಪಿ3ಯನ್ನು ಮತ್ತೆ ಫ್ಲಾಕ್ ಮಾಡಿದರೆ ಕತ್ತರಿಸಿಹೋದದ್ದು ಮರಳಿ ಬರುವುದಿಲ್ಲ. ಅಂಥ ಕಡತವನ್ನು ‘ಮೂಲ’ ಎಂದು ಕಳಿಸುವವರಿಂದ ಆಗುವ ಹಾನಿ ದೊಡ್ಡದು, ಮುಂದೆ ಅದನ್ನು ನಂಬಿ ಯಾರೂ ನಿಜವಾದ ಮೂಲ ಹುಡುಕುವುದಿಲ್ಲ. ಕಡತದ ಜೊತೆ ಒಂದು ಚೀಟಿ ಇರಲಿ: ಎಲ್ಲಿಂದ ಬಂತು, ಎಷ್ಟನೇ ಕಾಪಿ, ವೇಗ ಎಷ್ಟು ತಿದ್ದಿದೆವು, ಯಾವ ಯಂತ್ರದಲ್ಲಿ ಇಳಿಸಿದೆವು. ಟೇಪಿನ ಕಥೆ ಕಳೆದರೆ ಟೇಪೂ ಅರ್ಧ ಕಳೆದಂತೆ.

ಚೀಟಿಯ ಮಾತು ಬಂತಲ್ಲ, ‘ಲಂಡನ್, 1969’ ಎಂದಿದ್ದದ್ದು ತಪ್ಪು. ರಾಷ್ಟ್ರಗೀತೆ, ಅದರ ಬೆನ್ನಿಗೆ ‘ಸಾರ್ಜೆಂಟ್ ಪೆಪ್ಪರ್’, ಆಮೇಲೆ ‘ಮಶೀನ್ ಗನ್’ ನುಡಿಸುವಾಗ ಆಂಪ್ಲಿಫೈಯರಿನೊಳಗೆ ನುಸುಳಿಬಂದ ಕಾವಲುಗಾರರ ವಾಕಿಟಾಕಿ ಮಾತು. ಇವು ಮೂರೂ ಕೂಡಿಬರುವುದು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ 1970ರ ಸಂಗೀತ ಉತ್ಸವದಲ್ಲಿ, ಆಗಸ್ಟ್ 31ರ ನಡುರಾತ್ರಿ ದಾಟಿದ ಮೇಲೆ ಅವನು ಕೊಟ್ಟ ಕಾರ್ಯಕ್ರಮದಲ್ಲಿ. ಅದಾಗಿ ಹದಿನೆಂಟು ದಿನಕ್ಕೆ ಅವನು ತೀರಿಕೊಂಡ. ಆ ರಾತ್ರಿಯದ್ದು 1971ರಲ್ಲಿ ಸ್ವಲ್ಪ, 2002ರಲ್ಲಿ ವಿಸ್ತಾರವಾಗಿ, ಅಧಿಕೃತವಾಗಿಯೇ ಹೊರಬಂದಿದೆ. ಹಾಗಾಗಿ ಹುಡುಗನಿಗೆ ಹೇಳಿದೆ: ಹಾಕುವುದು ಬೇಡ, ಸಿಡಿ ಕೊಂಡುಕೋ. ನೀನು ನುಡಿಸಿದ್ದನ್ನು ಹಾಕು.

ಚಿಕ್ಕಪ್ಪ ಹಳೆಯ ಚೀಟಿಯನ್ನು ಕೀಳಲಿಲ್ಲ. ಅದರ ಕೆಳಗೇ ಇನ್ನೊಂದು ಅಂಟಿಸಿ ಸರಿಯಾದ ಊರು, ತಾರೀಖು ಬರೆದರು. ಆಮೇಲೆ ಗೋಡೆಯಿಂದ ಗಿಟಾರ್ ಇಳಿಸಿ, ಆರೂ ತಂತಿಗಳನ್ನು ಒಂದೊಂದಾಗಿ ಅರ್ಧ ಸ್ವರ ಸಡಿಲಿಸಿದರು. “ಹಾಕು, ಮೊದಲಿಂದ ಹಾಕು” ಅಂದರು.